ಎಂಜಿನ್ನಿನ ಮನೆಯ ಹೊಸ್ತಿಲು

ಮೊನ್ನೆ ಮೋರಟಗಿಯ ರೈತನೊಬ್ಬ ಚಕ್ಕಡಿಯ ಗಾಲಿ ಹೊತ್ತು ತಂದಿದ್ದ. ಎರಡು ಅರ ಮುರಿದಿದ್ದವು. ಸಣ್ಣ ಉಳಿ ಬೇಕಾಗಿ ನನ್ನ ಸಾಮಾನಿನ ಚೀಲವನ್ನು ಕಟ್ಟೆಯ ಮೇಲೆ ಸುರುವಿದೆ. ಉಳಿಯ ಜೊತೆಗೆ ಸಾಗವಾನಿಯ ಒಂದು ತುಂಡು ಉರುಳಿ ಬಿತ್ತು. ತೋರುಬೆರಳಿನಷ್ಟು ಉದ್ದ, ಬೆರಳಿಗಿಂತ ತೆಳುವು. ನಡುವೆ ಗುಲಗಂಜಿಯಷ್ಟೇ ಒಂದು ಕಮಲ, ಕಮಲದ ಅತ್ತ ಇತ್ತ ಒಂದೊಂದು ಕಚ್ಚು.

"ಇದೇನೋ ಬಡಿಗ್ಯಾ, ಎಮ್ಮಿ ಹಲ್ಲಾಗ ಚುಚ್ಚೂ ಕಡ್ಡಿ ಏನು?" ಎಂದ ರೈತ.

"ಅಲ್ಲೋ, ಹೊಸ್ತಿಲ."

"ಯಾರ ಮನೀದು? ಇಲೀದ?"

"ಎಂಜಿನ್ನಿಂದು. ರೈಲಿನ ಎಂಜಿನ್ನಿಂದು."

ಅವನು ನನ್ನ ಮುಖ ನೋಡಿದ, ತಲೆಯೆತ್ತಿ ಸೂರ್ಯನನ್ನು ನೋಡಿದ, ಆಮೇಲೆ ತನ್ನ ಗಾಲಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಬಿಸಿಲು ತಲೆಗೇರಿದ ಬಡಿಗನ ಕೈಗೆ ಗಾಲಿ ಕೊಡಬೇಕೋ ಬಿಡಬೇಕೋ ಎಂಬ ಚಿಂತೆ ಅವನದು. ಅವನ ತಪ್ಪಲ್ಲ ಬಿಡಿ. ಕೇಳಿದವರಿಗೆಲ್ಲ ಹಾಗೇ ಅನಿಸುತ್ತದೆ.

ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಬರೆಯುವುದು ನನಗೆ ಬಾಚಿ ಬೀಸಿದಷ್ಟು ಸುಲಭವಲ್ಲ. ಸಾಲೆಗೆ ಸೇರಿದ ಮೊದಲ ದಿನ ಮಾಸ್ತರರು ನನ್ನನ್ನು ಕಾಲು ಅಲುಗುವ ಮಣೆಯ ಮೇಲೆ ಕೂಡಿಸಿದ್ದರು. ನಾನು ಮನೆಗೆ ಓಡಿಹೋಗಿ ಬೆಣೆ ತಂದು ಬಡಿದೆ. ಮರುದಿನ ಅವರು ತಮ್ಮ ಕುರ್ಚಿ ತೋರಿಸಿದರು, ಆಮೇಲೆ ಕರಿಹಲಗೆ, ಆಮೇಲೆ ಅವರ ಮನೆಯ ತೊಟ್ಟಿಲು. ಎರಡನೆಯ ಇಯತ್ತೆ ಮುಗಿಯುವ ಹೊತ್ತಿಗೆ ಆ ಸಾಲೆಯಲ್ಲಿ ದುರಸ್ತಿಗೆ ಏನೂ ಉಳಿದಿರಲಿಲ್ಲ. ನಾನೂ ಉಳಿಯಲಿಲ್ಲ. ಅಕ್ಷರಗಳು ಮಾತ್ರ ಹೇಗೋ ಕೈಗೆ ಅಂಟಿಕೊಂಡು ಬಂದವು. ಈಗ ಮೊಮ್ಮಗಳು ಕಸ್ತೂರಿ ತನ್ನ ಹಳೆಯ ನೋಟುಬುಕ್ಕುಗಳ ಖಾಲಿ ಹಾಳೆಗಳನ್ನು ಹೊಲಿದು ಕೊಟ್ಟು, "ಮುತ್ಯಾ, ಬಾಯಿಲೆ ಎಷ್ಟ ಸಲ ಹೇಳ್ತಿ, ಬರದ ಇಡು" ಎಂದಿದ್ದಾಳೆ. ಆಕೆಯ ಮಾತೆಂದರೆ ನನಗೆ ಸರಕಾರಿ ಹುಕುಂ.

ಕಸ್ತೂರಿ ಎಂದರೆ ಯಾರೆಂದು ತಿಳಿದಿರಿ? ನನ್ನ ಒಬ್ಬಳೇ ಮಗಳ ಹಿರಿಯ ಮಗಳು. ಈಗ ಏಳನೆಯ ಇಯತ್ತೆ. ಸೊಲ್ಲಾಪುರದ ಕಡೆಯಿಂದ ಗದಗಿನ ತನಕ ಸ್ಟೇಷನ್ನುಗಳ ಹೆಸರು ಉಸಿರು ಬಿಡದೆ ಹೇಳುತ್ತಾಳೆ, ಬೇಕಾದರೆ ಗದಗಿನಿಂದ ತಿರುಗಿಯೂ ಹೇಳುತ್ತಾಳೆ. ಮೊಮ್ಮಕ್ಕಳನ್ನು ಹೀಗೆ ಹೊಗಳಿದರೆ ದೃಷ್ಟಿ ತಾಗುತ್ತದೆ ಎಂದು ನನ್ನ ಹೆಂಡತಿ ಸಂಗವ್ವ ಗದರುತ್ತಾಳೆ. ಅದಕ್ಕೇ ಆಕೆ ನೀರಿಗೆ ಹೋದಾಗ ಹೊಗಳುತ್ತೇನೆ. ಈಗ ಆಕೆ ನೀರಿಗೆ ಹೋಗಿದ್ದಾಳೆ.

ಮಗಳನ್ನು ಕೊಟ್ಟದ್ದು ಇಂಡಿಗೆ. ಅಳಿಯ ಅಲ್ಲಿಯ ಸ್ಟೇಷನ್ನಿನಲ್ಲಿ ಕೆಂಪು ಹಸಿರು ನಿಶಾನೆ ತೋರಿಸುವ ಕೆಲಸದವನು. ಮನೆಯೂ ಹಳಿಯ ಪಕ್ಕದಲ್ಲೇ. ಗಾಡಿ ಹಾದರೆ ಅಡಿಗೆಮನೆಯ ಗಡಿಗೆಗಳು ಒಂದಕ್ಕೊಂದು ಮಾತಾಡುತ್ತವೆ. ಕಸ್ತೂರಿ ಹುಟ್ಟಿದ್ದು ನಮ್ಮ ಸಿಂದಗಿಯ ಮನೆಯಲ್ಲಾದರೂ ಬೆಳೆದದ್ದು ಆ ಸಪ್ಪಳದಲ್ಲಿ. ಸಮಸ್ಯೆ ಬಂದದ್ದೇ ಅಲ್ಲಿಂದ. ಬೇಸಿಗೆಯ ಸೂಟಿಯಲ್ಲಿ ನಮ್ಮಲ್ಲಿಗೆ ಕಳಿಸಿದರೆ ಮೊದಲ ದಿನ ನಗು, ಎರಡನೆಯ ದಿನ ಮೌನ, ಮೂರನೆಯ ದಿನ ಕಟ್ಟೆಯ ಮೇಲೆ ತನ್ನ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತುಬಿಡುವಳು.

"ಮುತ್ಯಾ, ನಿಮ್ಮ ಊರಾಗ ಯಾಕ ಏನೂ ಬರೂದಿಲ್ಲ?"

"ಬಸ್ ಬರತೈತಲ್ಲವ್ವ, ದಿನಾ."

"ಬಸ್ ಎಲ್ಲಿ ಬೇಕಾದ್ರೂ ಹೊರಳತೈತಿ. ಅದಕ್ಕ ಬುದ್ಧಿ ಇಲ್ಲ."

ಸಿಂದಗಿಗೂ ಒಂದು ದಿನ ರೈಲು ಬರುತ್ತದಂತೆ ಎಂದು ಸಮಾಧಾನ ಮಾಡುತ್ತಿದ್ದೆ. ಇವತ್ತಿಗೂ ಬಂದಿಲ್ಲ.

ಮೂರನೆಯ ದಿನಕ್ಕೆ ಸರಿಯಾಗಿ ಆಕೆಯನ್ನು ಇಂಡಿಗೆ ಕರೆದೊಯ್ಯಲು ಬೀಗರು ಬಂದು ನಿಲ್ಲುತ್ತಿದ್ದರು. ಅಳಿಯನ ತಂದೆ, ಗುರಪ್ಪನವರು. ಕಸ್ತೂರಿ ಅವರಿಗೆ ಅಜ್ಜ ಎನ್ನುತ್ತಾಳೆ, ನನಗೆ ಮುತ್ಯಾ. ಒಂದು ಕಾಲಕ್ಕೆ ಅವರು ದೊಡ್ಡ ಊರಿನ ಎಂಜಿನ್ ಶೆಡ್ಡಿನಲ್ಲಿ ಖಲಾಸಿ ಆಗಿದ್ದವರು. ಎಂಜಿನ್ ತೊಳೆಯುವುದು, ಬೂದಿ ತೆಗೆಯುವುದು, ಎಂಜಿನ್ ನಿಂತ ಚಕ್ರದಂಥ ಸೇತುವೆಯನ್ನು ತಳ್ಳಿ ಅದರ ಮುಖ ತಿರುಗಿಸುವುದು ಅವರ ಕೆಲಸ. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ರೈಲ್ವೆಯ ನೀಲಿ ಕೋಟು ಮೈಮೇಲಿಂದ ಇಳಿದಿರಲಿಲ್ಲ. ಕೈಯಲ್ಲಿ ಛತ್ರಿ. ಬಂದವರೇ ಮೀಸೆಯಲ್ಲಿ ನಗುವರು.

"ರೈಲಿನ ಕೂಸದು, ಬೀಗರ. ನಿಮ್ಮ ಬಾಚಿ ಸಪ್ಪಳಕ್ಕ ನಿದ್ದಿ ಹತ್ತೂದಿಲ್ಲ."

ನಾನು ಏನೇನು ಮಾಡಿ ಕೊಟ್ಟಿರಲಿಲ್ಲ ಅಂತೀರಿ! ಕುದುರೆ, ಗುಬ್ಬಿ ಗೂಡು, ಎತ್ತು ಹೂಡಿದ ಪುಟ್ಟ ಚಕ್ಕಡಿ. ಚಕ್ಕಡಿಯ ಗಾಲಿಗೆ ನಿಜವಾದ ಅರ ಕೂರಿಸಿದ್ದೆ. ಕಸ್ತೂರಿ ಅದನ್ನು ತಿರುಗಿಸಿ ನೋಡಿ, "ಇದು ಹಳಿ ಮ್ಯಾಲ ಹೋಗೂದಿಲ್ಲಲ್ಲ ಮುತ್ಯಾ" ಎಂದು ಪ್ರೀತಿಯಿಂದಲೇ ಮರಳಿ ಕೊಟ್ಟಳು. ಪ್ರೀತಿಯಿಂದ ಕೊಟ್ಟದ್ದೇ ಹೆಚ್ಚು ನೋವಾಯಿತು.

ನನಗೂ ರೈಲಿಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಹರೆಯದಲ್ಲಿ ಒಮ್ಮೆ ಬಾಗೇವಾಡಿ ರೋಡ್ ಸ್ಟೇಷನ್ನಿಗೆ ಜೋಳದ ಚೀಲ ಹೇರಿಕೊಂಡು ಹೋಗಿದ್ದೆ. ರೈಲು ನೋಡಬೇಕೆಂದು ಅಂಗಿ ಒಗೆದು ಹಾಕಿಕೊಂಡಿದ್ದೆ. ಎಂಜಿನ್ ಸೀಟಿ ಹೊಡೆದದ್ದೇ ತಡ, ಎತ್ತುಗಳು ಚಕ್ಕಡಿ ಸಮೇತ ಬಂದ ದಾರಿ ಹಿಡಿದವು. ನಾನು ಎತ್ತುಗಳ ಹಿಂದೆ ಓಡಿದೆ. ಹಿಡಿದು ತಂದಾಗ ಹಳಿ ಖಾಲಿ, ಒಂದಿಷ್ಟು ಹೊಗೆ ಮಾತ್ರ ಬೇವಿನ ಗಿಡಕ್ಕೆ ಜೋತುಬಿದ್ದಿತ್ತು. ನಾನು ಮೊದಲ ಸಲ ನೋಡಿದ ರೈಲು ಎಂದರೆ ಆ ಹೊಗೆ.

ಇಂಥವನ ಮನೆಗೆ ಒಂದು ಚೈತ್ರದಲ್ಲಿ ಎಂಜಿನ್ ಶೆಡ್ಡು ಪೆಟ್ಟಿಗೆಯಲ್ಲಿ ಬಂತು.

ತಂದವನು ಇಮಾಮಸಾಬ. ನನ್ನ ಓಣಿಯವನು, ನನ್ನ ವಯಸ್ಸಿನವನು, ತಗಡಿನ ಕೆಲಸದವನು. ಡಬ್ಬಿ, ಚಿಮಣಿ, ಲಾಳಿಕೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ತಗಡು ತರಲು ಸೊಲ್ಲಾಪುರಕ್ಕೆ ಹೋದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದು ಕಣ್ಣಿಗೆ ಬಿದ್ದಿತಂತೆ. ಯಾರೋ ಬಿಳಿಯ ಸಾಹೇಬ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ರಟ್ಟಿನ ಪೆಟ್ಟಿಗೆಯ ಮೇಲೆ ಬಣ್ಣದ ಚಿತ್ರ: ಬೀಸಣಿಗೆ ಬಿಚ್ಚಿದಂತೆ ಬಾಗಿದ ಕಟ್ಟಡ, ಮೂರು ದೊಡ್ಡ ಬಾಗಿಲು, ಮುಂದೆ ದುಂಡನೆಯ ಕುಣಿಯಲ್ಲಿ ತಿರುಗುವ ಸೇತುವೆ. ಒಳಗೆ ರಟ್ಟಿನ ಗೋಡೆಗಳು, ಕಟ್ಟಿಗೆಯ ಪಟ್ಟಿಗಳು, ತಗಡಿನ ಹಳಿಗಳು, ಮತ್ತು ಬೇರೆ ಅರಿವೆಯಲ್ಲಿ ಸುತ್ತಿದ, ಕೀಲಿ ಕೊಟ್ಟರೆ ಓಡುವ ಒಂದು ಗೇಣುದ್ದದ ಕರಿ ಎಂಜಿನ್.

"ಲೇ ಬಡಿಗ್ಯಾ, ಇದನ್ನ ಕಟ್ಟು. ನಿನ್ನ ಮೊಮ್ಮಗಳು ನಾಕನೇ ದಿನ ಹೆಂಗ ಹೋಗತಾಳ ನೋಡೂಣು."

ಹೇಗೆ ಕಟ್ಟಬೇಕೆಂದು ಹೇಳುವ ಹಾಳೆಯೂ ಇತ್ತು. ಇಂಗ್ಲಿಷಿನಲ್ಲಿತ್ತು. ಅರ್ಧ ಹರಿದಿತ್ತು. ಇಡಿಯಾಗಿದ್ದರೂ ನಮಗೆ ಅಷ್ಟೇ ತಿಳಿಯುತ್ತಿತ್ತು. ನಾವಿಬ್ಬರೂ ಅದನ್ನು ನೇರ ಹಿಡಿದು ನೋಡಿದೆವು, ತಲೆಕೆಳಗಾಗಿ ಹಿಡಿದು ನೋಡಿದೆವು, ಕೊನೆಗೆ ಸಂಗವ್ವ ಅದನ್ನು ಮಡಚಿ ಜಾಲಿಯ ಅಂಟು ಅರೆಯುವ ಕಲ್ಲಿನ ಕೆಳಗೆ ಇಟ್ಟಳು, ಕಲ್ಲು ಅಲುಗಬಾರದೆಂದು.

ಮೊದಲ ದಿನವೇ ನನ್ನ ಸೊಕ್ಕು ಇಳಿಯಿತು. ನಲವತ್ತು ವರ್ಷ ಮನೆ ಕಟ್ಟಿದ್ದೇನೆ, ಮೂಲೆಮಟ್ಟ ಇಲ್ಲದೆ ಒಂದು ಮೊಳೆ ಹೊಡೆದವನಲ್ಲ. ಈ ಶೆಡ್ಡಿಗೆ ಮೂಲೆಮಟ್ಟ ಹಚ್ಚಿದರೆ ಎಲ್ಲಿಯೂ ಕೂಡ್ರುವುದಿಲ್ಲ! ಎಲ್ಲ ಗೋಡೆಗಳೂ ಓರೆ. ಹಿಂದೆ ಅಗಲ, ಮುಂದೆ ಚಿಕ್ಕದು. ಎರಡು ದಿನ ಅದರ ಮುಂದೆ ಗಲ್ಲಕ್ಕೆ ಕೈ ಹಚ್ಚಿ ಕೂತೆ. ಮೂರನೆಯ ದಿನ ಅಂಗಳದಲ್ಲಿ ಬಿದ್ದಿದ್ದ ಚಕ್ಕಡಿಯ ಗಾಲಿ ಕಣ್ಣಿಗೆ ಬಿತ್ತು. ಅಯ್ಯೋ, ಇದು ಮನೆಯಲ್ಲ, ಗಾಲಿ! ನಡುವಿನ ಸೇತುವೆ ಗಾಲಿಯ ಗುಂಬ, ಹಳಿಗಳು ಅರ, ಶೆಡ್ಡು ಹೊರಸುತ್ತಿನ ವಟ್ಟಿನ ಒಂದು ತುಂಡು. ಹಾಗೆಂದು ತಿಳಿದ ಮೇಲೆ ಕೈ ತಾನೇ ಓಡಿತು. ತಿರುಗುವ ಸೇತುವೆಯ ಗೂಟ ಪೆಟ್ಟಿಗೆಯಲ್ಲಿ ಇರಲಿಲ್ಲ. ಬೀಸುವ ಕಲ್ಲಿನ ಲೆಕ್ಕದಲ್ಲಿ ನಾನೇ ಹಿತ್ತಾಳೆಯ ಮೊಳೆ ಕೂರಿಸಿದೆ. ಬೆರಳು ತಾಗಿಸಿದರೆ ಗಿರ್ರನೆ ತಿರುಗಿತು.

ಸಂಗವ್ವ ಜೋಳ ಕೇರುತ್ತಾ ನೋಡುತ್ತಿದ್ದಳು.

"ಮೂರ ಬಾಗಲಾ? ಮೂರು ಬ್ಯಾಡ್ರಿ. ಕೂಸಿನ ಕೈಯಾಗ ಕೊಡೂ ಮನಿ. ಐದ ಮಾಡ್ರಿ."

ಪೆಟ್ಟಿಗೆಯಲ್ಲಿ ಮೂರಕ್ಕೇ ಸಾಮಾನಿತ್ತು. ಇನ್ನೆರಡು ಖಾನೆಗಳನ್ನು ಸಾಗವಾನಿಯ ತೆಳು ಪಟ್ಟಿಯಲ್ಲಿ ನಾನೇ ಮಾಡಿದೆ. ಇಟ್ಟಂಗಿಯ ಗೆರೆಗಳನ್ನು ಉಳಿಯ ತುದಿಯಿಂದ ಒಂದೊಂದೇ ಕೊರೆದು, ಗೇರುಮಣ್ಣು ಬಳಿದೆ. ಸಾಹೇಬರ ಖಾನೆ ಯಾವುದು, ನನ್ನ ಖಾನೆ ಯಾವುದು ಎಂದು ಇಮಾಮಸಾಬನಿಗೇ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಅವನ ಬಾಯಿಂದ ನಾಲ್ಕು ಸಲ ಹೇಳಿಸಿದೆ.

ಆಮೇಲಿನ ಹದಿನೈದು ದಿನ ನಾವು ಮೂವರೂ ಸಣ್ಣವರಾಗಿಬಿಟ್ಟೆವು. ಇಮಾಮಸಾಬ ತಗಡು ಸುತ್ತಿ ಹೊಗೆಕೊಳವೆ ಮಾಡಿದ, ನೀರಿನ ಕಂಬ ಮಾಡಿದ, ಕಂಬದ ತುದಿಗೆ ತಿರುಗುವ ಸೊಂಡಿಲು ಮಾಡಿದ. ಸಂಗವ್ವ ಒಲೆಯ ಹಿಂದಿನ ಗೋಡೆಯಿಂದ ಮಸಿ ಕೆರೆದು ತಂದು, ಹೊಗೆ ಎಲ್ಲಿ ತಾಗುತ್ತದೆಯೋ ಅಲ್ಲಲ್ಲಿ ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದಳು. ನಾನು ಹೊಸ ಗೋಡೆಗೆ ಮಸಿ ಏಕೆ ಎಂದೆ. "ನನ್ನ ಅಡಿಗಿಮನಿ ನೋಡ್ರಿ. ಬೆಂಕಿ ಇದ್ದಲ್ಲಿ ಗ್ವಾಡಿ ಬೆಳ್ಳಗ ಇರತಾವೇನು?" ಎಂದಳು. ಬೂದಿಯ ಕುಣಿಗೆ ಒಲೆಯದೇ ಬೂದಿ. ಇಸ್ತ್ರಿ ಪೆಟ್ಟಿಗೆಯ ಇದ್ದಲಿ ಕುಟ್ಟಿ ಕಲ್ಲಿದ್ದಲಿನ ರಾಶಿ. ಒಂದು ದಿನ ಜೋಳದ ಹಿಟ್ಟು ಬೀಸಲು ಮರೆತು ಮಧ್ಯಾಹ್ನ ಮೂವರೂ ಶೇಂಗಾ ತಿಂದು ನೀರು ಕುಡಿದೆವು.

ಇನ್ನು ಬಾಗಿಲು. ಐದು ಬಾಗಿಲು, ಎರಡೆರಡು ಕದ, ಬಳೆಯ ತಂತಿಯಿಂದ ಮಾಡಿದ ಬಿಜಾಗರಿ. ಕೂರಿಸಿ ದೂರ ನಿಂತು ನೋಡಿದೆ. ಏನೋ ಕಡಿಮೆ. ಬಾಯಿ ಇದೆ, ಹಲ್ಲಿಲ್ಲ ಅನ್ನುವ ಹಾಗೆ. ಹೊಳೆಯಿತು: ಹೊಸ್ತಿಲಿಲ್ಲ! ಚಿತ್ರದಲ್ಲಿಯೂ ಇರಲಿಲ್ಲ. ಚಿತ್ರ ಬರೆದವನು ಬಡಿಗನಲ್ಲ, ಮರೆತಿದ್ದಾನೆ ಎಂದುಕೊಂಡೆ.

"ಹೊಸ್ತಿಲ ಇಲ್ಲದ್ದು ಮನಿ ಅಂತಾರೇನೋ ಇಮಾಮ?"

"ನಾವು ದರ್ಗಾಕ್ಕ ಹೋದ್ರ ಮೊದಲ ಹೊಸ್ತಿಲಕ್ಕ ಕೈ ಹಚ್ಚಿ ಕಣ್ಣಿಗೆ ಒತ್ತಿಕೊಂತೇವಿ. ಹೊಸ್ತಿಲ ಬೇಕ ಬೇಕು."

ಸಾಗವಾನಿಯ ತುಂಡು ತೆಗೆದು ಐದು ಹೊಸ್ತಿಲು ಕೆತ್ತಿದೆ. ಒಂದೊಂದರ ನಡುವೆ ಕಮಲ. ನನ್ನ ಕಣ್ಣು ಆಗಲೇ ಮಂಜು. ಕಮಲದ ಎಸಳು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿ ಕೆತ್ತಿದ್ದು. ಒಳ್ಳೆಯ ಸೋಮವಾರ ನೋಡಿ ಕೂರಿಸಿದೆ. ಸಂಗವ್ವ ಅರಿಷಿಣ ಕುಂಕುಮ ಹಚ್ಚಿ, ಐದು ಬಾಗಿಲಿಗೂ ಬೇವಿನ ತೋರಣ ಕಟ್ಟಿ, ಕೈಮುಗಿದಳು. ಎಂಜಿನ್ನಿಗೆ ಒಮ್ಮೆ ಕೀಲಿ ಕೊಟ್ಟು ನೋಡೋಣ ಎಂದು ಇಮಾಮಸಾಬ ಕೈ ಚಾಚಿದ. ಸಂಗವ್ವ ಚಟ್ಟನೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮನಿ ತುಂಬಿಸೂಕಿ ನನ್ನ ಮೊಮ್ಮಗಳು. ಅಕಿ ಬರೂತನಕ ಯಾರೂ ಮುಟ್ಟಬ್ಯಾಡ್ರಿ." ಆ ಮಾತು ಸರಿ ಎಂದೇ ನಮಗೂ ಅನಿಸಿತು. ಕೆಟ್ಟದ್ದೇ ಅಲ್ಲಿ.

ಸೂಟಿ ಬಿತ್ತು. ಮಗಳಿಗೆ ಎಳೆಗೂಸು ಇದ್ದುದರಿಂದ ಆ ವರ್ಷ ಕಸ್ತೂರಿಯನ್ನು ಕರೆತಂದವರು ಬೀಗರೇ. ಕಸ್ತೂರಿಗೆ ಆಗ ಎಂಟು ವರ್ಷ. ಪಡಸಾಲೆಯಲ್ಲಿ ಸೀರೆ ಹೊದಿಸಿ ಇಟ್ಟಿದ್ದ ಶೆಡ್ಡಿನ ಮೇಲಿಂದ ನಾನು ಸೀರೆ ಎಳೆದೆ. ಆಕೆಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ನೆಲಕ್ಕೆ ಗಲ್ಲ ಹಚ್ಚಿ ಮಲಗಿ ಒಳಗೆ ಇಣುಕಿದಳು.

"ಅಜ್ಜಾ, ನೀ ಹೇಳಿದ್ದ ಇದ!"

ಬೀಗರು ಕೋಟಿನ ಕಿಸೆಯಿಂದ ಚಾಳೀಸು ತೆಗೆದು ಮೂಗಿಗೇರಿಸಿ, ಕುಕ್ಕರಗಾಲಲ್ಲಿ ಕೂತು, ಸಾಹೇಬರು ತಪಾಸಣೆ ಮಾಡಿದಂತೆ ನೋಡಿದರು. "ಹೊಗಿ ಕೊಳವಿ ಸರಿ ಅದಾವ. ಬೂದಿ ಕುಣಿ ಸರಿ ಐತಿ. ಈ ಮಸಿ... ಥೇಟ್ ನಮ್ಮ ಶೆಡ್ಡಿನ ಮಸಿನ." ಸಂಗವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ ಅವರ ಕಣ್ಣು ಬಾಗಿಲಿನ ಮೇಲೆ ನಿಂತಿತು. ಮೀಸೆ ತುಸು ಅಲುಗಿತು. ಬಾಯಿ ಮಾತ್ರ ಬಿಡಲಿಲ್ಲ. ಆ ಹೊತ್ತು ಬಾಯಿ ಬಿಡದಿದ್ದುದಕ್ಕೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ಕಸ್ತೂರಿ ಕೀಲಿ ಕೊಟ್ಟಳು, ಎಂಜಿನ್ನನ್ನು ಸೇತುವೆಯ ಮೇಲಿಟ್ಟು ತಿರುಗಿಸಿದಳು, ನಡುವಿನ ಬಾಗಿಲಿಗೆ ಹಿಡಿದು ಬಿಟ್ಟಳು. ಎಂಜಿನ್ ಗರಗರ ಎಂದು ಹೊರಟು, ತೋರಣದ ಕೆಳಗೆ ಹೋಗಿ, ಖಟ್! ಹೊಸ್ತಿಲಿಗೆ ಹಣೆ ಬಡಿದು ನಿಂತಿತು. ಗಾಲಿಗಳು ಇದ್ದಲ್ಲೇ ತಿರುಗಿದವು. ಎರಡನೆಯ ಸಲ ಜೋರಾಗಿ ಬಿಟ್ಟಳು. ಈ ಸಲ ಮಗ್ಗುಲಾಗಿ ಬಿದ್ದು, ಅಂಗಾತ ಬಿದ್ದ ದುಂಬಿಯ ಹಾಗೆ ಗಾಲಿ ಆಡಿಸಿತು.

ಆಮೇಲೆ ಬೀಗರ ನಗೆ ಒಡೆಯಿತು ನೋಡಿ. ಛತ್ರಿ ಒಂದು ಕಡೆ, ಚಾಳೀಸು ಒಂದು ಕಡೆ.

"ಬೀಗರ, ಎಂಜಿನ್ನೇನು ಕಾಲೆತ್ತಿ ದಾಟತೈತೇನ್ರಿ? ಸೀರಿ ನಿರಿಗಿ ಹಿಡಕೊಂಡು ಬಲಗಾಲ ಮೊದಲ ಇಡಬೇಕಿತ್ತೇನು? ಅಕ್ಕಿ ಸೇರ ಒದ್ದು ಒಳಗ ಬರಲಿ ಅಂತೀರೇನು?"

ಇಮಾಮಸಾಬನೂ ನಕ್ಕ, ದ್ರೋಹಿ. ನಾನೂ ನಗುತ್ತಿದ್ದೆನೇನೋ. ಆದರೆ ಕಸ್ತೂರಿ ನಗಲಿಲ್ಲ. ಎಂಜಿನ್ ಎತ್ತಿಕೊಂಡು ಲಂಗದ ಅಂಚಿನಿಂದ ಒರೆಸಿದಳು.

"ಹಂಗಾರ ಇದು ಹೊರಗ ಇರಬೇಕೇನು, ಮುತ್ಯಾ? ಇಷ್ಟ ಚಂದ ಮನಿ ಇದ್ದೂ?"

ಆಕೆ ಎಂಜಿನ್ನನ್ನು ಅಪ್ಪಿಕೊಂಡು ಕಟ್ಟೆಗೆ ಹೋಗಿ ಕೂತಳು. ಹಿಂದೆಯೇ ಕೇಳಿದಳು: "ಅಜ್ಜಾ, ನೀ ಯಾವಾಗ ಹೋಗತಿ?"

"ನಾಡದ ಮುಂಜಾನಿ ಬಸ್ಸಿಗೆ."

"ನಾನೂ ಬರತೇನಿ."

ಹದಿನೈದು ದಿನದ ಕೆಲಸ ಇಷ್ಟಕ್ಕೆ ಮುಗಿಯಿತು. ಪ್ರತಿವರ್ಷ ಮೂರನೆಯ ದಿನ ಬರುತ್ತಿದ್ದ ಮಾತು ಈ ವರ್ಷ ಮೊದಲ ದಿನವೇ ಬಂದಿತ್ತು.

ಹೊಸ್ತಿಲು ಕಿತ್ತುಹಾಕಿದರಾಯಿತಲ್ಲ ಎಂದು ನೀವು ಅನ್ನುತ್ತೀರಿ. ಬೀಗರೂ ಅದನ್ನೇ ಅಂದರು. ಆದರೆ ಸಂಗವ್ವ ಶೆಡ್ಡಿಗೆ ಅಡ್ಡ ನಿಂತಳು. "ಅರಿಷಿಣ ಹಚ್ಚಿದ ಹೊಸ್ತಿಲಾ ಕೀಳ್ತೀರೇನು? ಮೊಮ್ಮಗಳ ಹೆಸರಿಲೆ ಪೂಜಾ ಮಾಡಿದ್ದು? ನನ್ನ ಮುಂದ ಆಗೂದಿಲ್ಲ." ಆಕೆಯನ್ನೇನು ಅನ್ನಲಿ, ನನ್ನ ಕೈಯೇ ಏಳಲಿಲ್ಲ. ಎಷ್ಟೋ ಮನೆಗಳಿಗೆ ಹೊಸ್ತಿಲು ಕೂರಿಸಿದ್ದೇನೆ, ಯಾರ ಮನೆಯದನ್ನೂ ಕಿತ್ತವನಲ್ಲ. ಬೆರಳುದ್ದದ್ದಾದರೇನು, ಹೊಸ್ತಿಲು ಹೊಸ್ತಿಲೇ.

ಮರುದಿನ ಬೆಳಿಗ್ಗೆ ಇಮಾಮಸಾಬ ತಗಡಿನ ಇಳಿಜಾರು ಮಾಡಿ ತಂದ. ಎಂಜಿನ್ ಏರಿತು, ತುದಿಯಲ್ಲಿ ಯೋಚಿಸಿತು, ಹಿಂದಕ್ಕೆ ಜಾರಿ ಬೂದಿಯ ಕುಣಿಗೆ ಬಿತ್ತು. ಕಸ್ತೂರಿ ದೂರದಿಂದಲೇ ನೋಡಿ ಮುಖ ತಿರುವಿದಳು. ಚೀಲ ಆಗಲೇ ತೊಡೆಯ ಮೇಲಿತ್ತು.

ಆಗ ನನಗೆ ಮುದ್ದೇಬಿಹಾಳದ ಒಂದು ವಾಡೆ ನೆನಪಾಯಿತು. ನಾನು ಸಣ್ಣವನಿದ್ದಾಗ ಅಪ್ಪನ ಸಂಗಡ ಅಲ್ಲಿ ಕೆಲಸಕ್ಕೆ ಹೋಗಿದ್ದೆ. ಆ ಮನೆಯ ಹಿರಿಯಳು ದೊಡ್ಡ ಬಾಗಿಲಿಗೆ ಹೊಸ್ತಿಲು ಬೇಕೇ ಬೇಕೆಂದಳು. ಅವಳ ಮಗನಿಗೆ ಕಾಳಿನ ಚಕ್ಕಡಿ ಒಳಗೇ ಬರಬೇಕು. ತಾಯಿ ಮಗ ಮಾತು ಬಿಟ್ಟರು. ಅಪ್ಪ ಎರಡು ದಿನ ಎಲೆ ಅಡಿಕೆ ಜಗಿದು, ಮೂರನೆಯ ದಿನ ಹೊಸ್ತಿಲಿನಲ್ಲಿ ಚಕ್ಕಡಿಯ ಎರಡು ಗಾಲಿ ಹಾಯುವಷ್ಟು ಎರಡು ಕಚ್ಚು ಕೊರೆದ. ಹೊಸ್ತಿಲು ಉಳಿಯಿತು, ಚಕ್ಕಡಿ ಬಂತು, ತಾಯಿ ಮಗ ಒಂದೇ ಪಂಕ್ತಿಯಲ್ಲಿ ಉಂಡರು.

"ಸಿಕ್ಕಿತು!" ಎಂದು ಕೂಗಿದೆ. ಸಣ್ಣ ಉಳಿ ತೆಗೆದೆ. ಹೊಸ್ತಿಲು ಕೀಳುವಂತಿಲ್ಲವಾದ್ದರಿಂದ ಕೈ ಪಳಗಲಿ ಎಂದು ಮೊದಲು ಬೇರೆ ತುಂಡಿನಲ್ಲಿ ಒಂದು ಹೊಸ್ತಿಲು ಕೆತ್ತಿ, ಕಣ್ಣಳತೆಯಲ್ಲೇ ಎರಡು ಕಚ್ಚು ಕೊರೆದೆ. ಬೀಗರು ಹಿಂದೆ ನಿಂತು, "ಕಣ್ಣಳತಿ ನಡಿಯೂದಿಲ್ಲರಿ ಬೀಗರ. ಒಂದ ಕೂದಲ ತಪ್ಪಿದ್ರ ಎಂಜಿನ್ ಕೆಳಗ" ಎಂದರು. "ಚಕ್ಕಡಿ ಮಾಡಿದ ಕೈ ಇದು" ಎಂದೆ. ಎಂಜಿನ್ ತಂದು ಕೂರಿಸಿದರೆ ಒಂದು ಗಾಲಿ ಕಚ್ಚಿನಲ್ಲಿ, ಇನ್ನೊಂದು ಕಮಲದ ಮೇಲೆ. ಮೊನ್ನೆ ಚೀಲದಿಂದ ಉರುಳಿ ಬಿದ್ದದ್ದು ಇದೇ ಅಳತೆ ತಪ್ಪಿದ ತುಂಡು. ಮೋರಟಗಿಯವನಿಗೆ ನಾನು ಹೇಳದೆ ಬಿಟ್ಟ ಸಂಗತಿ ಅದು.

ಬೀಗರು ನಗಲಿಲ್ಲ. ನಕ್ಕಿದ್ದರೆ ಸಿಟ್ಟಾಗುತ್ತಿತ್ತು, ಸುಲಭವಾಗುತ್ತಿತ್ತು. ಅವರು ಕೋಟು ಕಳಚಿ ಮಡಚಿ ಇಟ್ಟರು. ಆ ಕೋಟು ಇಲ್ಲದ ಬೀಗರನ್ನು ನಾನು ನೋಡಿದ್ದು ಅದೇ ಮೊದಲು. ಅವರೂ ನನ್ನ ಹಾಗೆ ಸೊರಗಿದ ಮುದುಕ. ಎಂಜಿನ್ನಿನ ಗಾಲಿಗೆ ಸುಣ್ಣ ಬಳಿದು, ಹೊಸ್ತಿಲಿನ ಮೇಲೆ ಮೆಲ್ಲಗೆ ಇಟ್ಟು ಎತ್ತಿದರು. ಎರಡು ಬಿಳಿ ಗುರುತು ಮೂಡಿದವು. ಗಾಲಿಯ ಒಳಗಿನ ತುಟಿ ಹಳಿಯನ್ನು ಹಿಡಿದುಕೊಳ್ಳುತ್ತದೆ, ಕಚ್ಚು ಅದಕ್ಕೂ ಜಾಗ ಕೊಡಬೇಕು ಎಂದು ತೋರಿಸಿದರು.

"ಈಗ ಕಡೀರಿ. ನಾ ಹಿಡಿತೇನಿ. ನಿಮ್ಮ ಕೈ ನಡಗೂದಿಲ್ಲ, ನನ್ನದು ನಡಗತೈತಿ."

ಅವರು ಹಿಡಿದರು, ನಾನು ಕಡಿದೆ. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ, ಹಣೆಗೆ ಹಣೆ ತಾಗುವಷ್ಟು ಹತ್ತಿರ. ಸಂಗವ್ವ, "ಇಬ್ಬರೂ ಎದ್ದು ಕುಂಡ್ರಾಕ ನಾಕ ಮಂದಿ ಬೇಕಾಗತೈತಿ" ಎಂದಳು. ಒಂದು ಹೊಸ್ತಿಲು ಮುಗಿಯುವ ಹೊತ್ತಿಗೆ ನಮ್ಮ ತಲೆಗಳ ನಡುವೆ ಇನ್ನೊಂದು ತಲೆ ಬಂದಿತ್ತು. ಎಣ್ಣೆ ಹಚ್ಚಿ ಹೆಣೆದ ಎರಡು ಜಡೆ. ಯಾವಾಗ ಬಂದಳೋ ತಿಳಿಯದು.

"ಸರೀರಿ ಇಬ್ಬರೂ. ನಾ ಬಿಡತೇನಿ."

ಎಂಜಿನ್ ಹೊರಟಿತು. ತೋರಣ ದಾಟಿತು. ಕಮಲವನ್ನು ಹೊಟ್ಟೆಯ ಕೆಳಗೆ ಮಾಡಿಕೊಂಡು, ಎರಡೂ ಕಡೆಯ ಕಚ್ಚಿನಲ್ಲಿ ಗಾಲಿ ಇಳಿಸಿ, ಸರ್ರನೆ ಒಳಗೆ ಹೋಗಿ ಹಿಂದಿನ ಗೋಡೆಗೆ ಮೂಗು ತಾಗಿಸಿ ನಿಂತಿತು. ಸಂಗವ್ವ ನೆಟಿಗೆ ಮುರಿದಳು. ಇಮಾಮಸಾಬ ಶಿಳ್ಳೆ ಹೊಡೆದ. ಬೀಗರು ನನ್ನ ಬೆನ್ನಿಗೆ ಗುದ್ದಿದರು. ಪ್ರೀತಿಯಿಂದಲೇ ಇರಬೇಕು, ಆದರೆ ನಾಲ್ಕು ದಿನ ನೋಯಿತು.

ಆ ಮಧ್ಯಾಹ್ನವೆಲ್ಲ ಕಸ್ತೂರಿಯ ಸರಕಾರ. ಉಳಿದ ನಾಲ್ಕು ಹೊಸ್ತಿಲಿಗೂ ಕಚ್ಚು ಕೊರೆಸಿದಳು. ಆಯಿ ಸಂಗವ್ವ ಇದ್ದಲಿ ತುಂಬಬೇಕು, ಇಮಾಮಕಾಕಾ ನೀರಿನ ಕಂಬ ತಿರುಗಿಸಬೇಕು, ಅಜ್ಜ ಸೇತುವೆ ತಳ್ಳಬೇಕು. ಎಂಜಿನ್ ಸರಿಯಾಗಿ ನಡುವೆ ನಿಂತರೆ ದೊಡ್ಡ ಸೇತುವೆಯನ್ನೂ ಸುಲಭವಾಗಿ ತಿರುಗಿಸಬಹುದೆಂದು ಅಜ್ಜ ಹೇಳಿಕೊಟ್ಟರು. ನನಗೆ ಬಾಗಿಲು ತೆಗೆಯುವ ಹಾಕುವ ಕೆಲಸ. ತಡ ಮಾಡಿದರೆ ಬೈಗುಳ. ಇಷ್ಟು ಸುಖವಾಗಿ ನಾನು ಯಾವಾಗಲೂ ಬೈಸಿಕೊಂಡಿಲ್ಲ.

ಆದರೆ ನಾಳೆಯ ಮಾತು ಯಾರೂ ಎತ್ತಲಿಲ್ಲ. ನಾನಂತೂ ಕೇಳಲಿಲ್ಲ. ಕೇಳಿ, ಆಕೆ ಹೋಗತೇನಿ ಎಂದುಬಿಟ್ಟರೆ?

ಬೆಳಗಾಯಿತು. ಬೀಗರು ಕೋಟು ಹಾಕಿದರು. ಕಸ್ತೂರಿ ಬಟ್ಟೆಯ ಚೀಲ ಹಿಡಿದು ಮುಂದೆ ಹೊರಟಳು. ಸಂಗವ್ವ ಅದರಲ್ಲಿ ರೊಟ್ಟಿಯ ಗಂಟು ಇಟ್ಟದ್ದನ್ನು ನಾನು ನೋಡಿದ್ದೆ. ದೊಡ್ಡ ಗಂಟು, ಇಬ್ಬರಿಗಾಗುವಷ್ಟು. ನಾನು ಹಿಂದೆ ನಡೆದೆ. ಮನೆಯಿಂದ ಸ್ಟ್ಯಾಂಡಿಗೆ ದಾರಿ ಅಷ್ಟು ಚಿಕ್ಕದೆಂದು ಅವತ್ತೇ ಗೊತ್ತಾದದ್ದು.

ಇಂಡಿಯ ಬಸ್ಸು ನಿಂತಿತ್ತು. ಬೀಗರು ಏರಿ ಕಿಟಕಿಯ ಬದಿಗೆ ಕೂತು, "ಬಾರವ್ವ ಕಸ್ತೂರಿ, ಏರು" ಎಂದು ಕೈ ಚಾಚಿದರು. ನಾನು ಬಸ್ಸಿನ ಗಾಲಿಯ ಕಡೆ ನೋಡುತ್ತಾ ನಿಂತೆ.

ಕಸ್ತೂರಿ ತುದಿಗಾಲಲ್ಲಿ ನಿಂತು ಚೀಲವನ್ನು ಕಿಟಕಿಯೊಳಗೆ ತೂರಿಸಿದಳು. "ಅಜ್ಜಾ, ರೊಟ್ಟಿ ನಿನಗ, ಶೇಂಗಾ ಹಿಂಡಿ ಅವ್ವಗ. ಚೀಲ ತಿರಗಿ ಕಳಸು. ನನಗ ಬರಾಕ ಆಗೂದಿಲ್ಲ. ಇವತ್ತ ಎಂಜಿನ್ ತೊಳಿಯೂ ದಿನ ಐತಿ."

ಬೀಗರ ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ನಾನು ಪಕ್ಕಕ್ಕೆ ತಿರುಗಿ ಚಹಾದಂಗಡಿಯ ಹಲಗೆ ಓದತೊಡಗಿದೆ. ಒಂದಕ್ಷರವೂ ಕಾಣಲಿಲ್ಲ. ಅಷ್ಟರಲ್ಲಿ ಬಸ್ಸು ಹೊರಟಿತು. ಕಸ್ತೂರಿ ನನ್ನ ಬೆರಳು ಹಿಡಿದುಕೊಂಡಳು. ಕುಣಿಯಬೇಕು ಅನ್ನಿಸಿತು, ನಾಲ್ಕು ಜನ ನೋಡುತ್ತಿದ್ದರು, ಧೋತರದ ಅಂಚು ಸರಿಮಾಡಿಕೊಂಡೆ.

ಬಸ್ಸು ಪೇಟೆಯ ತಿರುವಿನಲ್ಲಿ ನಿಂತಿತು. ಧೂಳು ಇಳಿದ ಮೇಲೆ ನೋಡಿದರೆ ನೀಲಿ ಕೋಟು, ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ರೊಟ್ಟಿಯ ಚೀಲ. ಬೀಗರು ನಡೆದು ಬರುತ್ತಿದ್ದರು.

"ಯಾಕ್ರಿ ಬೀಗರ, ಏನರ ಮರತ್ರೇನು?"

ಅವರು ಹತ್ತಿರ ಬಂದು ನಿಂತರು. ಮೀಸೆಯಲ್ಲಿ ನಗುವಿರಲಿಲ್ಲ.

"ಮೂರ ದಿನ ಸಾಲೂದಿಲ್ಲ ಅಂತ ನೀವು ವರ್ಷಾ ಅಂತಿದ್ರಿ, ನಾ ನಗತಿದ್ದೆ. ಈಗ ಅಕಿ ಇಲ್ಲದ ಪೂರಾ ಸೂಟಿ ನನಗ ಹೆಂಗ ಹೋಗತೈತ್ರಿ? ಒಂದ ಮೂಲಿ ಕೊಡ್ರಿ, ಬಿದ್ದಿರತೇನಿ."

ನಾನು ಏನಾದರೂ ಚುಚ್ಚುಮಾತು ಆಡಬೇಕಿತ್ತು. ಎಷ್ಟು ವರ್ಷದ ಬಾಕಿ ಇತ್ತು! ಅದನ್ನೆಲ್ಲ ಬಿಟ್ಟು ಚೀಲ ಇಸಿದುಕೊಂಡೆ. ಕಸ್ತೂರಿ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, ಬೀಗರ ಕೋಟಿನ ಹಿಂಬದಿಯ ಅಂಚನ್ನು ನನ್ನ ಕೈಗೆ ಕೊಟ್ಟಳು, ನನ್ನ ಅಂಗಿಯ ಅಂಚನ್ನು ತಾನು ಹಿಡಿದಳು.

"ಅಜ್ಜ ಎಂಜಿನ್, ಮುತ್ಯಾ ಡಬ್ಬಿ, ನಾ ಗಾರ್ಡ. ನಡೀರಿ."

ಸಿಂದಗಿಯ ಪೇಟೆಯ ನಟ್ಟನಡುವೆ, ಅಂಗಡಿಯವರು ತಕ್ಕಡಿ ಹಿಡಿದು ನೋಡುತ್ತಿದ್ದಂತೆ, ಬೀಗರು ಜೋರಾಗಿ ಸೀಟಿ ಹಾಕಿದರು. ನಾವು ನಡೆದೆವು.